ಸೊಂಟ ಮುರಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಎರಡು ವಾರದ ಹಿಂದೆ ಹೇಗಿದ್ದರು?

ಎಕ್ಸ್‌ರೇಯಲ್ಲಿ ಇಬ್ಬರದೂ ಒಂದೇ ಮುರಿತ ಎಂದಿಟ್ಟುಕೊಳ್ಳಿ. ಒಬ್ಬರು 84 ವರ್ಷದ ಅಜ್ಜಿ; ಬೀಳುವ ಹಿಂದಿನ ದಿನವೂ ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಹಿತ್ತಿಲಿನಿಂದ ಬಸಳೆ ಕೊಯ್ದು ತಂದವರು. ಇನ್ನೊಬ್ಬರು 72ರ ಅಜ್ಜ. ವರ್ಷದಿಂದ ಜಗಲಿ ಬಿಟ್ಟು ಇಳಿದಿಲ್ಲ, ಅಂಗಿ ಸಡಿಲಾಗಿದೆ, ಸ್ನಾನಕ್ಕೆ ಯಾರಾದರೂ ಜೊತೆಗಿರಬೇಕು. ಇಬ್ಬರಿಗೂ ಅದೇ ಸರ್ಜನ್ ಅದೇ ಆಪರೇಷನ್ ಮಾಡುತ್ತಾರೆ. ಆರು ತಿಂಗಳ ನಂತರ ಯಾರು ಅಂಗಳದಲ್ಲಿ ನಡೆದಾಡುತ್ತಿರುವ ಸಾಧ್ಯತೆ ಹೆಚ್ಚು? ಅಜ್ಜಿ. ಹನ್ನೆರಡು ವರ್ಷ ದೊಡ್ಡವರಾದರೂ ಅಜ್ಜಿಯೇ.

ಈ ವ್ಯತ್ಯಾಸಕ್ಕೆ ವೈದ್ಯರು ಇಟ್ಟ ಹೆಸರು ಫ್ರೇಲ್ಟಿ. ಮನೆಮಾತಿನಲ್ಲಿ ನಾವು 'ಸೊರಗಿದ್ದಾರೆ', 'ಕಸುವಿಲ್ಲ' ಎನ್ನುತ್ತೇವಲ್ಲ, ಅದೇ. ಕಾಳುಮೆಣಸು ಬೆಳೆಯುವ ಶಿರಸಿ, ಸಿದ್ದಾಪುರ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಿಧಾನ ಸೊರಗು ರೋಗ ಹಿಡಿದ ಬಳ್ಳಿ ಮಳೆಗಾಲವಿಡೀ ಹಸಿರಾಗಿಯೇ ಕಾಣುತ್ತದೆ. ಮಣ್ಣಿನೊಳಗೆ ಸಣ್ಣ ಬೇರುಗಳು ಒಂದೊಂದಾಗಿ ಸಾಯುತ್ತಿರುತ್ತವೆ, ತೇವ ಇರುವವರೆಗೆ ಅದು ಗೊತ್ತಾಗುವುದಿಲ್ಲ. ಮಳೆ ಹಿಂದಾಗಿ ನೆಲ ಆರತೊಡಗಿದಾಗ ಎಲೆ ಹಳದಿಯಾಗಿ ಬಳ್ಳಿ ಕುಸಿಯುತ್ತದೆ. ಫ್ರೇಲ್ಟಿಯೂ ಹಾಗೆಯೇ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯು, ಮಿದುಳು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಮೀಸಲು ಶಕ್ತಿ ಕರಗಿರುತ್ತದೆ. ದಿನನಿತ್ಯದ ಬದುಕಿಗೆ ಉಳಿದದ್ದು ಸಾಕಾಗುತ್ತದೆ. ಎಲುಬು ಮುರಿದು, ನೋವು, ರಕ್ತಸ್ರಾವ, ಅರಿವಳಿಕೆ, ಆಪರೇಷನ್, ಹಾಸಿಗೆ ಎಲ್ಲ ಒಂದೇ ವಾರದಲ್ಲಿ ಬಂದೆರಗಿದಾಗ ಸಾಕಾಗುವುದಿಲ್ಲ.

ಆಸ್ಪತ್ರೆಯಲ್ಲಿ ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ಕೆನಡಾದ ವೈದ್ಯರು 2005ರಲ್ಲಿ ರೂಪಿಸಿದ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್. ಈಗ ಅದು 1ರಿಂದ 9ರವರೆಗಿದೆ. ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ; ಮನೆಯವರ ಸರಿಯಾದ ಉತ್ತರ ಸಾಕು. 1ರಿಂದ 3 ಎಂದರೆ ಗಟ್ಟಿ, ಕಾಯಿಲೆ ಇದ್ದರೂ ಹಿಡಿತದಲ್ಲಿದೆ. 4 ಎಂದರೆ ಯಾರ ನೆರವೂ ಬೇಡ, ಆದರೆ ನಿಧಾನವಾಗಿದ್ದಾರೆ, ಬೇಗ ದಣಿಯುತ್ತಾರೆ. ಬ್ಯಾಂಕಿಗೆ ಹೋಗಲು, ಬಸ್ಸು ಹತ್ತಲು, ಭಾರದ ಮನೆಕೆಲಸಕ್ಕೆ ಜೊತೆ ಬೇಕಾದರೆ 5. ಹೊರಗಿನ ಎಲ್ಲ ಕೆಲಸಕ್ಕೂ ಮೆಟ್ಟಿಲಿಗೂ ಸ್ನಾನಕ್ಕೂ ನೆರವು ಬೇಕಾದರೆ 6. ಬಟ್ಟೆ, ಸ್ನಾನ, ಶೌಚ ಎಲ್ಲಕ್ಕೂ ಇನ್ನೊಬ್ಬರನ್ನೇ ಅವಲಂಬಿಸಿದ್ದರೆ 7. ಒಂದು ಸಣ್ಣ ಜ್ವರವೂ ಅವರನ್ನು ಕೊಂಡೊಯ್ಯಬಹುದು ಎನ್ನುವಂತಿದ್ದರೆ 8. ಉಳಿದಂತೆ ಅಷ್ಟು ಸೊರಗದಿದ್ದರೂ ಗುಣವಾಗದ ಕಾಯಿಲೆಯಿಂದ ಆರು ತಿಂಗಳೊಳಗೆ ಸಾವು ನಿಶ್ಚಿತ ಎನ್ನುವಂತಿದ್ದರೆ 9.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಎಲುಬು ಮುರಿದು ಮಂಚದ ಮೇಲಿರುವವರನ್ನು ನೋಡಿ ಅಂಕ ಕೊಟ್ಟರೆ ಎಲ್ಲರೂ 7 ಆಗುತ್ತಾರೆ. ಆದ್ದರಿಂದ ನೋಡಬೇಕಾದದ್ದು ಬೀಳುವ ಎರಡು ವಾರದ ಹಿಂದೆ ಹೇಗಿದ್ದರು ಎಂಬುದನ್ನು. ಬೆಂಗಳೂರಿನಿಂದ ಬಂದ ಮಗನಿಗಿಂತ ದಿನವೂ ಜೊತೆಗಿರುವ ಸೊಸೆಗೆ, ಪಕ್ಕದ ಮನೆಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಉತ್ತರ ಅವರಿಂದ ಬರಲಿ. 'ಚೆನ್ನಾಗಿಯೇ ಇದ್ದರು' ಎಂದು ಮುಗಿಸಬೇಡಿ. ಯಾರ ಸಹಾಯವಿಲ್ಲದೆ ಬಚ್ಚಲಿಗೆ ಹೋಗುತ್ತಿದ್ದರೇ, ವರ್ಷದಲ್ಲಿ ಎಷ್ಟು ತೂಕ ಇಳಿದಿದೆ, ಇದಕ್ಕೂ ಮೊದಲು ಎಷ್ಟು ಸಲ ಬಿದ್ದಿದ್ದಾರೆ, ದಿನ ವಾರ ನೆನಪಿರುತ್ತಿತ್ತೇ ಎಂಬುದನ್ನು ಬಿಡಿಸಿ ಹೇಳಿ.

ಮುರಿದದ್ದು ಯಾವುದು

'ಸೊಂಟ ಮುರಿಯಿತು' ಎನ್ನುತ್ತೇವಾದರೂ ಮುರಿಯುವುದು ತೊಡೆ ಎಲುಬಿನ ಮೇಲ್ತುದಿ. ಅದರಲ್ಲಿ ಎರಡು ಮುಖ್ಯ ಜಾಗಗಳಿವೆ. ಕೀಲಿನ ಗೋಳದ ಕೆಳಗಿರುವ ಕತ್ತು ಮುರಿದು ಜರುಗಿದರೆ ಗೋಳಕ್ಕೆ ಹೋಗುವ ರಕ್ತನಾಳಗಳು ಹರಿಯುತ್ತವೆ. ಮತ್ತೆ ಕೂಡಿಸಿದರೂ ಅದು ಬೆಸೆಯುವ ಭರವಸೆ ಕಡಿಮೆ, ಹಾಗಾಗಿ ವಯಸ್ಸಾದವರಲ್ಲಿ ಗೋಳವನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಕತ್ತಿಗಿಂತ ಕೆಳಗೆ, ತೊಡೆಯ ಹೊರಬದಿಯ ಉಬ್ಬಿನ ಹತ್ತಿರ ಮುರಿದರೆ ಅಲ್ಲಿ ರಕ್ತಸಂಚಾರ ಚೆನ್ನಾಗಿರುತ್ತದೆ. ರಾಡು ಅಥವಾ ಸ್ಕ್ರೂ ಪ್ಲೇಟು ಹಾಕಿ ಬೆಸೆಯಲು ಬಿಡುತ್ತಾರೆ. ಈ ಎರಡನೆಯದರಲ್ಲಿ ತೊಡೆಯ ಒಳಗೇ ರಕ್ತ ಸೋರುವುದು ಹೆಚ್ಚು. ಹೊರಗೆ ಏನೂ ಕಾಣದೆ ಹಿಮೋಗ್ಲೋಬಿನ್ ಎರಡು ಮೂರು ದಿನ ಇಳಿಯುತ್ತಲೇ ಇರಬಹುದು. ಆಪರೇಷನ್ನಿನ ಮರುದಿನ ಒಮ್ಮೆ, ಮೂರನೆಯ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ.

ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿ ಬಿದ್ದಿದ್ದರೆ ಮುರಿತ ಬಹುತೇಕ ಖಚಿತ. ಆದರೆ ಕೆಲವೊಮ್ಮೆ ಎಲುಬಿನ ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುತ್ತವೆ. ಅಂಥವರು ಕುಂಟುತ್ತಾ ನಡೆಯುತ್ತಾರೆ, ತೊಡೆಸಂದಿಯಲ್ಲಿ ನೋವು ಎನ್ನುತ್ತಾರೆ, ಮೊದಲ ಎಕ್ಸ್‌ರೇಯಲ್ಲೂ ಸ್ಪಷ್ಟವಾಗಿ ಕಾಣದಿರಬಹುದು. ಬಿದ್ದ ಮೇಲೆ ಆ ನೋವು ಹೋಗದಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕು. ಎಣ್ಣೆ ತಿಕ್ಕಿ ಕಾಯುವ ನೋವಲ್ಲ ಅದು.

ನಮ್ಮ ಕರಾವಳಿಯಲ್ಲಿ ಎಲುಬು ಕಟ್ಟುವ ನಾಟಿ ವೈದ್ಯರ ಮೇಲೆ ಜನಕ್ಕೆ ನಂಬಿಕೆಯಿದೆ. ಮುಂಗೈ ಮುರಿತಕ್ಕೆ ಪಟ್ಟಿ ಕಟ್ಟುವುದೇ ಬೇರೆ. ತೊಡೆ ಎಲುಬಿನ ಮೇಲ್ತುದಿಗೆ ಹೊರಗಿನಿಂದ ಕಟ್ಟಿ ನಿಲ್ಲಿಸುವಂಥ ಜಾಗವೇ ಇಲ್ಲ. ಸುತ್ತ ದೊಡ್ಡ ಸ್ನಾಯುಗಳು ಎಳೆಯುತ್ತಲೇ ಇರುತ್ತವೆ. ಪಟ್ಟಿ ಕಟ್ಟಿಸಿಕೊಂಡು ಆರು ವಾರ ಮಲಗಿದವರನ್ನು ಕೊಲ್ಲುವುದು ಮುರಿತವಲ್ಲ, ಮಲಗಿರುವುದು.

ಕೊಲ್ಲುವುದು ಏನು

ಒಳ್ಳೆಯ ದಾಖಲೆ ಇಡುವ ದೇಶಗಳಲ್ಲಿ ಈ ಆಪರೇಷನ್ ಆದ ಹಿರಿಯರಲ್ಲಿ 100ಕ್ಕೆ 5ರಿಂದ 10 ಮಂದಿ ಮೊದಲ ತಿಂಗಳಲ್ಲಿ, 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಗಂಡಸರಲ್ಲಿ ಈ ಪ್ರಮಾಣ ಹೆಂಗಸರಿಗಿಂತ ಹೆಚ್ಚು. ಬದುಕುಳಿದವರಲ್ಲೂ ಸುಮಾರು ಅರ್ಧದಷ್ಟು ಜನ ಮಾತ್ರ ಮೊದಲಿನಂತೆ ನಡೆಯುತ್ತಾರೆ. ಫ್ರೇಲ್ಟಿ ಅಂಕ ಮೇಲೇರಿದಂತೆ ಎಲ್ಲವೂ ಕೆಡುತ್ತಾ ಹೋಗುತ್ತದೆ: ಸಾವು, ಗೊಂದಲ, ಸೋಂಕು, ಆಸ್ಪತ್ರೆಯಲ್ಲಿ ಕಳೆಯುವ ದಿನ.

ಸಾವಿನ ಕಾರಣಗಳಲ್ಲಿ ಎಲುಬಿನ ಹೆಸರು ಬಹಳ ಕೆಳಗೆ. ಮೇಲಿರುವುದು ನ್ಯುಮೋನಿಯಾ, ಹೃದಯದ ತೊಂದರೆ, ಮೈಗೆಲ್ಲ ಹರಡಿದ ಸೋಂಕು. ಮಲಗಿದಲ್ಲೇ ಇದ್ದವರ ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳುವುದಿಲ್ಲ, ಕಫ ನಿಲ್ಲುತ್ತದೆ, ಮಲಗಿಸಿಯೇ ಗಂಜಿ ಕುಡಿಸಿದರೆ ಒಂದು ಗುಟುಕು ಶ್ವಾಸನಾಳಕ್ಕೂ ಹೋಗುತ್ತದೆ. ಕಸುವಿದ್ದವರು ಕೆಮ್ಮಿ ಹೊರಹಾಕುತ್ತಾರೆ. ಸೊರಗಿದವರಿಗೆ ಕೆಮ್ಮಲೂ ಬಲವಿರುವುದಿಲ್ಲ. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ನಡೆಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ 1 ಕಿಲೋ ಮಾಂಸ ಕರಗಿತ್ತು. ಮೊದಲೇ ಸಣಕಲಾದ ಕಾಲಿನಿಂದ ಅಷ್ಟು ಹೋದರೆ ಎದ್ದು ನಿಲ್ಲಲು ಉಳಿಯುವುದೇನು?

ಇಷ್ಟು ಓದಿ ಕೈಚೆಲ್ಲಬೇಕಿಲ್ಲ. ಇಂಗ್ಲೆಂಡಿನಲ್ಲಿ 2007ರಲ್ಲಿ ಈ ಮುರಿತಗಳಿಗಾಗಿಯೇ ರಾಷ್ಟ್ರೀಯ ದಾಖಲೆ ಇಡಲು ಶುರು ಮಾಡಿದರು. ಬೇಗ ಆಪರೇಷನ್, ಸರ್ಜನ್ ಜೊತೆಗೆ ಹಿರಿಯರ ಕಾಯಿಲೆ ಬಲ್ಲ ವೈದ್ಯರು, ಮರುದಿನವೇ ಎಬ್ಬಿಸುವುದು ಇವನ್ನೆಲ್ಲ ಪ್ರತಿ ಆಸ್ಪತ್ರೆಯಲ್ಲೂ ಲೆಕ್ಕ ಹಾಕತೊಡಗಿದರು. 30 ದಿನದೊಳಗಿನ ಸಾವು 2007ರಲ್ಲಿದ್ದ ಶೇ 10.9ರಿಂದ 2011ರ ಹೊತ್ತಿಗೆ ಶೇ 8.5ಕ್ಕೆ ಇಳಿಯಿತು. ಹೊಸ ಔಷಧವೇನೂ ಬಂದಿರಲಿಲ್ಲ, ಆಪರೇಷನ್ನಿನ ಸುತ್ತಲಿನ ಆರೈಕೆ ಬದಲಾಗಿತ್ತು. ಆ ಆರೈಕೆಯ ಒಂದು ದೊಡ್ಡ ಪಾಲನ್ನು ನಮ್ಮ ವಾರ್ಡುಗಳಲ್ಲಿ ಮನೆಯವರೇ ಮಾಡುತ್ತಾರೆ. ಅದಕ್ಕೇ ಮುಂದಿನದನ್ನು ಬಿಡಿಸಿ ಬರೆಯುವುದು.

ಬಿದ್ದಲ್ಲಿಂದ ಆಪರೇಷನ್ ಟೇಬಲ್ಲಿನವರೆಗೆ

ರಸ್ತೆಯಿಂದ ದೂರವಿರುವ ಮನೆಗಳಿಂದ ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವುದು ನಮ್ಮಲ್ಲಿ ಇಂದಿಗೂ ಇದೆ. ಸೊಂಟದ ಮುರಿತಕ್ಕೆ ಅದು ಬೇಡ. ಜೋಲಿಯಲ್ಲಿ ಮೈ ಮಡಚಿಕೊಂಡು ಮುರಿದ ತುದಿಗಳು ಉಜ್ಜುತ್ತವೆ. ಅಗಲ ಹಲಗೆಯೋ ಬೆಂಚೋ ಹಾಸಿಗೆ ಕಟ್ಟಿದ ಏಣಿಯೋ ಆಗಲಿ, ಮಟ್ಟವಾಗಿ ಮಲಗಿಸಿ ಹೊರಬೇಕು. ಎರಡು ಕಾಲುಗಳ ನಡುವೆ ದಿಂಬಿಟ್ಟು, ಮೆತ್ತಗಿನ ಪಂಚೆಯಿಂದ ಎರಡೂ ಕಾಲು ಸೇರಿಸಿ ಮೊಣಕಾಲಿನ ಮೇಲೆ ಮತ್ತು ಕೆಳಗೆ ಕಟ್ಟಿ. ತಿರುಗಿದ ಕಾಲನ್ನು ನೇರ ಮಾಡಲು ಎಳೆಯಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸುವ ಬದಲು 108ಕ್ಕೆ ಕರೆ ಮಾಡಿ.

ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. 50 ಕಿಲೋಗಿಂತ ಕಡಿಮೆ ತೂಕದವರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ ಸಾಕು. ದಾರಿಯಲ್ಲಿ ಸಿಕ್ಕ ಕಡೆ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಬೇಡಿ. ನೀರು ಕುಡಿಯದೆ ಒಣಗಿದ ಹಿರಿಯರ ಮೂತ್ರಪಿಂಡಕ್ಕೆ ಅದು ಪೆಟ್ಟು ಕೊಡುತ್ತದೆ, ಆಮೇಲೆ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಇಳಿಯಲಿ ಎಂದು ಆಪರೇಷನ್ ಮುಂದೆ ಹೋಗುತ್ತದೆ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಚೀಟಿಯಲ್ಲಿ ಬರೆಯುವ ಬದಲು ಪೊಟ್ಟಣ ಸಮೇತ ಚೀಲಕ್ಕೆ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೊನೆಯದಾಗಿ ತೆಗೆದುಕೊಂಡ ಹೊತ್ತು ನೆನಪಿಡಿ. ಆಧಾರ್, ರೇಷನ್ ಕಾರ್ಡು ಜೊತೆಗಿರಲಿ. ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಆರೋಗ್ಯ ಕರ್ನಾಟಕದ ಕಾಗದಪತ್ರಕ್ಕೆ ಅವೇ ಬೇಕಾಗುತ್ತವೆ.

ಎಲ್ಲಿಗೆ ಹೋಗುವುದು? ನಮ್ಮ ಉತ್ತರ ಕನ್ನಡ ಜಿಲ್ಲೆಯ ದೊಡ್ಡ ಪ್ರಶ್ನೆಯೇ ಇದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೂ ಅಲ್ಲಿನ ಕೆಲವರು ಗೋವಾದ ಬಾಂಬೋಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುವುದು ರೂಢಿ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಕರಾವಳಿಯಿಂದ ಮೇಲೆ ಹೋಗಲು ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಆ ದಾರಿಯನ್ನೂ ನೆಚ್ಚುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಆದ್ದರಿಂದ ಹೊರಡುವ ಮೊದಲೇ ಫೋನಿನಲ್ಲಿ ಕೇಳಿ: ಎಲುಬಿನ ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಈ ಎರಡು ದಿನ ಇದ್ದಾರೆಯೇ? ರಾಡು ಅಥವಾ ಗೋಳ ಇದೆಯೇ, ಇಲ್ಲವಾದರೆ ಎಷ್ಟು ಹೊತ್ತಿನಲ್ಲಿ ತರಿಸುತ್ತಾರೆ? ರಕ್ತ ಸಿಗುತ್ತದೆಯೇ? ಹತ್ತಿರದ ಆಸ್ಪತ್ರೆಯಲ್ಲಿ 48 ಗಂಟೆಯೊಳಗೆ ಆಗುವುದಾದರೆ, ಹೆಚ್ಚಿನವರಿಗೆ ಅದು ದೂರದ ದೊಡ್ಡ ಆಸ್ಪತ್ರೆಯಲ್ಲಿ ಐದನೆಯ ದಿನ ಆಗುವುದಕ್ಕಿಂತ ಮೇಲು. ಡಯಾಲಿಸಿಸ್ ನಡೆಯುತ್ತಿರುವವರು, ಹೃದಯ ತೀರಾ ದುರ್ಬಲವಾದವರು ಇದಕ್ಕೆ ಹೊರತು. ಅವರಿಗೆ ಐಸಿಯು ಇರುವಲ್ಲಿಗೇ ನೇರವಾಗಿ ಹೋಗುವುದು ಸರಿ.

ಎಷ್ಟು ಬೇಗ ಬೇಕು ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಬ್ರಿಟನ್ನಿನ ಮಾರ್ಗಸೂಚಿ ದಾಖಲಾದ ದಿನ ಅಥವಾ ಮರುದಿನ ಎನ್ನುತ್ತದೆ. ಭಾರತವೂ ಸೇರಿ 17 ದೇಶಗಳ 2970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್ ಆಯಿತು. ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಗೊಂದಲ, ಮೂತ್ರದ ಸೋಂಕು ಕಡಿಮೆಯಾಗಿ, ಅವರು ಬೇಗ ಎದ್ದು ಬೇಗ ಮನೆಗೆ ಹೋದರು. ಅಂದರೆ ಮೊದಲ ದಿನದೊಳಗೆ ಒಂದೊಂದು ಗಂಟೆಗೆ ಪರದಾಡಬೇಕಿಲ್ಲ. ನಮ್ಮಲ್ಲಿ ಕಳೆಯುವುದು ಗಂಟೆಗಳಲ್ಲ, ದಿನಗಳು. ಮುಂಬೈನಿಂದ ಮಗ ಬರಲಿ ಎಂದು ಒಂದು ದಿನ, ಹಣ ಹೊಂದಿಸಲು ಒಂದು ದಿನ, ಹೃದಯದ ಎಕೋ ಪರೀಕ್ಷೆ ಆಗಲಿ ಎಂದು ಇನ್ನೊಂದು ದಿನ, ಅಮಾವಾಸ್ಯೆ ಕಳೆಯಲಿ ಎಂದು ಮತ್ತೊಂದು. ಮಗನ ಒಪ್ಪಿಗೆ ಫೋನಿನಲ್ಲಿ ಪಡೆಯಬಹುದು. ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂಬ ಒಂದೇ ಕಾರಣಕ್ಕೆ ವಾರ ಕಾಯುವ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಕಾಯಲೇಬೇಕಾದ ಕಾರಣಗಳೂ ಇವೆ: ತೀರಾ ಇಳಿದ ಸೋಡಿಯಂ, ಈಗತಾನೇ ಆದ ಹೃದಯಾಘಾತ, ಉಸಿರಾಟದ ವೈಫಲ್ಯ. ಆಗ ಏನನ್ನು ಸರಿಪಡಿಸುತ್ತಿದ್ದಾರೆ, ಎಷ್ಟು ಹೊತ್ತಿನಲ್ಲಿ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಉಪವಾಸದ ವಿಷಯ ಬೇರೆಯಾಗಿ ಹೇಳಬೇಕು. ಸಾಮಾನ್ಯವಾಗಿ ಆಪರೇಷನ್ನಿಗೆ 6 ಗಂಟೆ ಮೊದಲು ಊಟ, 2 ಗಂಟೆ ಮೊದಲು ನೀರು ನಿಲ್ಲಿಸಿದರೆ ಸಾಕು. ವಾರ್ಡಿನಲ್ಲಿ ಆಗುವುದೇನೆಂದರೆ ರಾತ್ರಿ ಹತ್ತರಿಂದ ಏನೂ ಕೊಡುವುದಿಲ್ಲ, ಮಧ್ಯಾಹ್ನ ಎರಡಕ್ಕೆ ಕೇಸು ನಾಳೆಗೆ ಹೋಗುತ್ತದೆ, ನಾಳೆಯೂ ಅದೇ ಕತೆ. ಮುಂದೂಡಿದರು ಎಂದು ಗೊತ್ತಾದ ಕ್ಷಣವೇ ಸಿಸ್ಟರನ್ನು ಕೇಳಿ ಊಟ ಮಾಡಿಸಿ.

ಅರಿವಳಿಕೆ ಬೆನ್ನಿಗೋ ಪೂರ್ತಿಯೋ ಎಂಬ ಚಿಂತೆ ಬಿಡಿ. 1600 ರೋಗಿಗಳನ್ನು ಹೋಲಿಸಿದ 2021ರ ಅಧ್ಯಯನದಲ್ಲಿ ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಬಂತು. ತೊಡೆಸಂದಿಯ ಹತ್ತಿರ ನರಕ್ಕೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಸಿಗುವುದೇ ಎಂದು ಕೇಳಿ. ಕಾಲಿಗೆ ತೂಕ ಕಟ್ಟುವುದಕ್ಕಿಂತ ಅದು ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಅಮಲಿನ ಔಷಧ ಕಡಿಮೆ ಸಾಕಾಗುತ್ತದೆ.

ಸನ್ನಿ

ಆಪರೇಷನ್ನಿನ ರಾತ್ರಿ ಅಜ್ಜ ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ, ಡ್ರಿಪ್ ಕೀಳುತ್ತಾರೆ, ತೀರಿಹೋದ ಅಣ್ಣನನ್ನು ಕರೆಯುತ್ತಾರೆ. ಹಳಬರು ಇದನ್ನು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೊಂಟದ ಮುರಿತದ ಹಿರಿಯರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಬರುತ್ತದೆ, ಸೊರಗಿದವರಿಗೆ ಇನ್ನೂ ಹೆಚ್ಚು. ಗಾಳಿ ಸೋಕಿದ್ದಲ್ಲ, ತಲೆ ಕೆಟ್ಟದ್ದೂ ಅಲ್ಲ. ಮಿದುಳಿನ ಮೀಸಲು ಮುಗಿದ ಸೂಚನೆ. ಕಿರುಚಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಮಂಪರಿನಲ್ಲಿ ಮಲಗಿ, ಕರೆದರೆ ಅರ್ಧ ಕಣ್ಣು ತೆರೆಯುವವರದ್ದೂ ಸನ್ನಿಯೇ, ಅದು ಇನ್ನೂ ಅಪಾಯಕಾರಿ. 'ಪಾಪ, ದಣಿದಿದ್ದಾರೆ, ಮಲಗಲಿ' ಎಂದು ಬಿಟ್ಟರೆ ಊಟ ನೀರು ಎರಡೂ ನಿಲ್ಲುತ್ತವೆ.

ಮೊದಲು ಕಾರಣ ಹುಡುಕಬೇಕು. ಮೂತ್ರ ಕಟ್ಟಿದೆಯೇ, ಮೂರು ದಿನದಿಂದ ಹೊಟ್ಟೆ ಹೋಗಿಲ್ಲವೇ, ನೋವು ತಗ್ಗಿಲ್ಲವೇ, ಜ್ವರ ಇದೆಯೇ, ಆಮ್ಲಜನಕ ಮತ್ತು ಸೋಡಿಯಂ ಎಷ್ಟು? ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಸೋಡಿಯಂ ಇಳಿಯುವುದು ಬಹಳ ಸಾಮಾನ್ಯ. ಆಮೇಲೆ ನಿಲ್ಲಿಸಿದ ಚಟಗಳು. ಐವತ್ತು ವರ್ಷ ಹೊಗೆಸೊಪ್ಪು ಹಾಕಿ ಕವಳ ತಿಂದವರಿಗೆ ಅದು ಒಮ್ಮೆಲೇ ತಪ್ಪಿದರೆ ಚಡಪಡಿಕೆ ಹತ್ತುತ್ತದೆ, ದಿನವೂ ಕುಡಿಯುತ್ತಿದ್ದವರಿಗೆ ಎರಡು ಮೂರನೆಯ ದಿನ ಅಪಾಯದ ನಡುಕವೇ ಬರಬಹುದು. ನಾಚಿಕೆಪಡದೆ ವೈದ್ಯರಿಗೆ ಮೊದಲೇ ಹೇಳಿ. ವರ್ಷಗಟ್ಟಲೆ ನಿದ್ದೆ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಹೊಸದಾಗಿ ನಿದ್ದೆ ಮಾತ್ರೆ ಕೊಡಿ ಎಂದು ಮಾತ್ರ ನೀವು ಒತ್ತಾಯಿಸಬೇಡಿ, ಅದು ಸನ್ನಿಯನ್ನು ಹೆಚ್ಚಿಸಬಹುದು.

ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮನೆಯಲ್ಲಿ ಬಿಟ್ಟು ಬಂದಿದ್ದರೆ ಅಂದೇ ತರಿಸಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ಸಣ್ಣ ದೀಪ ಇರಲಿ. ಹತ್ತು ಜನ ಬಂದು ಸುತ್ತ ನಿಲ್ಲುವ ಬದಲು ಪರಿಚಿತ ದನಿಯ ಒಬ್ಬರು ಪಕ್ಕದಲ್ಲಿ ಕೂತು, ಇಂದು ಯಾವ ವಾರ, ಇದು ಯಾವ ಊರು, ಕಾಲಿಗೆ ಏನಾಗಿದೆ ಎಂದು ಅವರಾಡುವ ಮಾತಿನಲ್ಲೇ ಹೇಳುತ್ತಿರಲಿ. ಮನೆಯಲ್ಲಿ ಕೊಂಕಣಿಯೋ ಹವ್ಯಕ ಮಾತೋ ಆಡುವವರಿಗೆ ಆ ಹೊತ್ತಿನಲ್ಲಿ ಬೇರೆ ಭಾಷೆ ತಲೆಗೆ ಹೋಗುವುದಿಲ್ಲ. ಕೈ ಕಟ್ಟಿಹಾಕಿದರೆ ಸನ್ನಿ ಏರುತ್ತದೆ.

ಮರುದಿನವೇ ನೆಲಕ್ಕೆ ಕಾಲು

ಆಪರೇಷನ್ ಮಾಡುವುದೇ ಮರುದಿನ ಕಾಲೂರಿ ನಿಲ್ಲಲಿ ಎಂದು. ಆದ್ದರಿಂದ ಸರ್ಜನ್ನರನ್ನು ಒಂದೇ ಮಾತಿನಲ್ಲಿ ಕೇಳಿ: 'ಪೂರ್ತಿ ಭಾರ ಹಾಕಬಹುದಾ?' ಬಹುತೇಕ ಹಿರಿಯರಿಗೆ ಉತ್ತರ ಹೌದು. ಬೇಡ ಎಂದರೆ ಕಾರಣ ಮತ್ತು ಎಷ್ಟು ದಿನ ಎಂಬುದನ್ನು ತಿಳಿದುಕೊಳ್ಳಿ.

ಮೊದಲು ತಲೆಭಾಗ ಎತ್ತರಿಸಿ ಹತ್ತು ನಿಮಿಷ, ಆಮೇಲೆ ಮಂಚದ ಅಂಚಿಗೆ ಕಾಲಿಳಿಸಿ ಹತ್ತು ನಿಮಿಷ. ತಲೆ ತಿರುಗದಿದ್ದರೆ ವಾಕರ್ ಹಿಡಿದು ನಿಲ್ಲಲಿ, ಇಬ್ಬರು ಅಕ್ಕಪಕ್ಕ ಇರಲಿ. ರಟ್ಟೆ ಹಿಡಿದು ಎಳೆಯಬೇಡಿ, ಸೊಂಟದ ಸುತ್ತ ಹಿಡಿಯಿರಿ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ವಾಕರಿನ ಹಿಡಿ ಬರಬೇಕು. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಇನ್ನೊಂದು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು. ಮೊದಲ ದಿನ ನಾಲ್ಕು ಹೆಜ್ಜೆ ಆದರೂ ದೊಡ್ಡದು. ಊಟ ಮೂರೂ ಹೊತ್ತು ಕುರ್ಚಿಯಲ್ಲಾದರೆ ಶ್ವಾಸಕೋಶಕ್ಕೂ ಗಂಟಲಿಗೂ ಅದೇ ವ್ಯಾಯಾಮ. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಯಲಿ.

ಮೂತ್ರದ ಪೈಪನ್ನು ಒಂದೆರಡು ದಿನದಲ್ಲಿ ತೆಗೆಸಬೇಕು. 'ಎಬ್ಬಿಸುವ ಕಷ್ಟ ತಪ್ಪಿತು' ಎಂದು ಇಟ್ಟುಕೊಂಡದ್ದು ಸೋಂಕಿನ ದಾರಿ. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಕರಾವಳಿಯ ಸೆಕೆಯಲ್ಲಿ ರಬ್ಬರ್ ಶೀಟಿನ ಮೇಲೆ ಬೆವರಿದ ಚರ್ಮ ಒಂದೇ ದಿನದಲ್ಲಿ ಕೆಂಪಾಗುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಅಥವಾ ಮಾತ್ರೆ ಸುಮಾರು ಒಂದು ತಿಂಗಳು ಬೇಕಾಗಬಹುದು. ಮನೆಗೆ ಬಂದ ಮೇಲೆ ಅದು ತಪ್ಪಿಹೋಗುವುದೇ ಹೆಚ್ಚು.

ಗಂಜಿ ತಿಳಿ ಸಾಲದು

ಆಪರೇಷನ್ ಆದವರಿಗೆ ಪಥ್ಯ ಎಂದರೆ ನಮ್ಮಲ್ಲಿ ಗಂಜಿ ತಿಳಿ, ಒಂದು ಚೂರು ಉಪ್ಪಿನಕಾಯಿ. ಮೊಟ್ಟೆ, ಶೇಂಗಾ, ಮೀನು ನಂಜು ಎಂದು ದೂರ. ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ, ಆದರೆ ಲೆಕ್ಕ ನೋಡಿ. ಗಾಯ ಕೂಡಲು, ಸ್ನಾಯು ಉಳಿಯಲು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ಒಂದು ಬಟ್ಟಲು ಗಂಜಿಯಲ್ಲಿ ಇರುವುದು 2 ಗ್ರಾಂ ಆಸುಪಾಸು. ಮುರಿತದ ಉರಿಯೂತದಲ್ಲಿ ದೇಹ ಕೇಳುವುದು ಹೆಚ್ಚು. ಕೊಡದಿದ್ದರೆ ತನ್ನ ತೊಡೆಯ ಮಾಂಸವನ್ನೇ ತಿನ್ನುತ್ತದೆ. ಮೊಟ್ಟೆಯಿಂದಲೋ ಬಂಗಡೆಯಿಂದಲೋ ಗಾಯ ಕೀವಾಗುವುದಿಲ್ಲ. ಕೀವಾಗುವುದು ಬ್ಯಾಕ್ಟೀರಿಯಾದಿಂದ; ಅದರೊಡನೆ ಹೋರಾಡಲೂ ಪ್ರೋಟೀನೇ ಬೇಕು.

ಮೀನು ತಿನ್ನುವ ಮನೆಯಲ್ಲಿ ಎರಡು ಮೊಟ್ಟೆಯಿಂದ 12 ಗ್ರಾಂ, ಮುಳ್ಳು ಬಿಡಿಸಿದ 100 ಗ್ರಾಂ ತಾರ್ಲೆ ಅಥವಾ ಬಂಗಡೆಯಿಂದ 20, ಒಂದು ಲೋಟ ಹಾಲಿನಿಂದ 6ರಿಂದ 7, 50 ಗ್ರಾಂ ಹೆಸರುಕಾಳಿನಿಂದ 12, ಎರಡು ಬಟ್ಟಲು ಮೊಸರಿನಿಂದ 7, ಅನ್ನದಿಂದ 10ರ ಮೇಲೆ, ಮುಟ್ಟಿತಲ್ಲ. ಸಸ್ಯಾಹಾರಿಗಳಿಗೆ ಹೆಚ್ಚು ಜಾಗರೂಕತೆ ಬೇಕು, ಏಕೆಂದರೆ ತಂಬುಳಿ, ಸಾರು, ಮಜ್ಜಿಗೆಯ ಊಟ ಹೊಟ್ಟೆಗೆ ಹಿತವಾದರೂ ಪ್ರೋಟೀನ್ ತೀರಾ ಕಡಿಮೆ. ಎರಡು ಲೋಟ ಹಾಲು, ಗಟ್ಟಿ ಮೊಸರು, 75 ಗ್ರಾಂ ಬೇಳೆ ಕಾಳು, ಒಂದು ಹಿಡಿ ಶೇಂಗಾ ಪುಡಿ, 25 ಗ್ರಾಂ ಸೋಯಾ ಸೇರಿಸಿದರೆ ಲೆಕ್ಕ ಹೊಂದುತ್ತದೆ. ಒಮ್ಮೆಗೆ ತಿನ್ನಲಾಗದವರಿಗೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಗಂಜಿಯೇ ಬೇಕೆಂದರೆ ಅದಕ್ಕೆ ಹೆಸರುಬೇಳೆ ಬೇಯಿಸಿ ಹಾಕಿ, ಹಾಲಿನ ಪುಡಿ ಕಲಸಿ. ಮೂತ್ರಪಿಂಡದ ಕಾಯಿಲೆ ಇದ್ದವರ ಲೆಕ್ಕವನ್ನು ವೈದ್ಯರೇ ಹೇಳಬೇಕು.

ಆಪರೇಷನ್ ಬೇಡ ಎನ್ನುವ ಮಾತು

ಹಾಸಿಗೆ ಹಿಡಿದವರಿಗೂ ಆಪರೇಷನ್ ಅರ್ಥಪೂರ್ಣವಾಗಬಹುದು, ನಡೆಯಲಿ ಎಂದಲ್ಲ, ಮಗ್ಗುಲು ಬದಲಿಸಿದಾಗ, ಬಟ್ಟೆ ಬದಲಿಸಿದಾಗ ಚೀರದಿರಲಿ ಎಂದು. ಅಂಕ 6, 7 ಇದ್ದವರಲ್ಲೂ ಹೆಚ್ಚಿನವರಿಗೆ ಈ ಕಾರಣಕ್ಕೇ ಮಾಡುತ್ತಾರೆ. ಆದರೆ ಅಂಕ 8 ಆಗಿದ್ದರೆ, ವಾರಗಳಿಂದ ತುತ್ತು ಇಳಿಯುತ್ತಿಲ್ಲ, ಯಾರನ್ನೂ ಗುರುತಿಸುವುದಿಲ್ಲ ಎಂದಿದ್ದರೆ, ಆಪರೇಷನ್ ಮಾಡದೆ ನೋವನ್ನು ಪೂರ್ತಿ ತಗ್ಗಿಸುವುದೂ ಗೌರವದ ದಾರಿಯೇ. ನೆದರ್‌ಲ್ಯಾಂಡ್ಸ್‌ನಲ್ಲಿ ಆರೈಕೆಮನೆಗಳ ತೀರಾ ಸೊರಗಿದ ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಬೇಡವೆಂದವರಲ್ಲಿ ಹೆಚ್ಚಿನವರು ತಿಂಗಳೊಳಗೆ ತೀರಿಕೊಂಡರು. ಆದರೆ ಉಳಿದ ದಿನಗಳ ನೆಮ್ಮದಿ ಆಪರೇಷನ್ ಆದವರಿಗಿಂತ ಕಡಿಮೆ ಇರಲಿಲ್ಲ. ಈ ದಾರಿ ಹಿಡಿದರೆ ನೋವಿನ ಔಷಧ, ನರದ ಇಂಜೆಕ್ಷನ್, ಮೆತ್ತನೆ ಹಾಸಿಗೆ, ಪಕ್ಕದಲ್ಲೊಬ್ಬರು ಎಲ್ಲವೂ ಬೇಕು. ಔಷಧವಿಲ್ಲದೆ ಮನೆಗೆ ಕರೆತಂದು ಮಲಗಿಸುವುದು ಆ ದಾರಿಯಲ್ಲ. ಮಾತಾಡುವ ಸ್ಥಿತಿಯಲ್ಲಿದ್ದರೆ ಹಿರಿಯರನ್ನೇ ಕೇಳಬೇಕು. ಮಕ್ಕಳು ಕಾರಿಡಾರಿನಲ್ಲಿ ತೀರ್ಮಾನಿಸಿ ಅವರಿಗೆ ಮುಚ್ಚಿಡುವುದು ನ್ಯಾಯವಲ್ಲ.

ಮನೆಗೆ ಬಂದ ಮೇಲೆ

ಗೋಳ ಬದಲಿಸಿದವರು ಊಟಕ್ಕೆ ಮಣೆಯ ಮೇಲೆ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಕುಕ್ಕರಗಾಲಲ್ಲಿ ಶೌಚಕ್ಕೆ ಕೂರುವಂತಿಲ್ಲ. ಹೆಚ್ಚು ಮಡಚಿದರೆ ಗೋಳ ಜಾರಬಹುದು. ಮೊಣಕಾಲಿಗಿಂತ ಎತ್ತರದ, ಕೈಯಿರುವ ಕುರ್ಚಿ ಬೇಕು. ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ರಾತ್ರಿ ಮಂಚದ ಪಕ್ಕದಲ್ಲೇ ಇಡಿ. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲ ಬದಿಗೆ, ನಡುವೆ ಎರಡು ಎತ್ತರದ ಹೊಸ್ತಿಲು. ರಾತ್ರಿ ಬೀಳುವುದು ಆ ದಾರಿಯಲ್ಲೇ.

ಎರಡನೆಯ ಮುರಿತದ ಅಪಾಯ ಮೊದಲ ಎರಡು ವರ್ಷದಲ್ಲಿ ಅತಿ ಹೆಚ್ಚು. ಇಲ್ಲಿ ನಮ್ಮ ವ್ಯವಸ್ಥೆ ಕೈಬಿಡುವ ಒಂದು ಚಿಕಿತ್ಸೆ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ನಿನ 90 ದಿನದೊಳಗೆ ಶುರು ಮಾಡಿ ವರ್ಷಕ್ಕೊಮ್ಮೆ ಎಲುಬು ಸವೆಯುವುದನ್ನು ತಡೆಯುವ ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್ಪಿನಲ್ಲಿ ಪಡೆದವರಲ್ಲಿ ಹೊಸ ಮುರಿತ ಶೇ 35, ಸಾವು ಶೇ 28 ಕಡಿಮೆಯಾಯಿತು. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ, ಮೊದಲು ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಪಡಿಸಿ, ಮೂತ್ರಪಿಂಡದ ಪರೀಕ್ಷೆ ನೋಡಿ ಕೊಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಬರೆದು ಮುಗಿಸಿದ್ದರೆ, ಹೊಲಿಗೆ ಬಿಚ್ಚಿಸಲು ಹೋದಾಗ ಹೆಸರು ಹೇಳಿ ಕೇಳಿ.

ಇಷ್ಟೆಲ್ಲ ಓಡಾಟದ ನಡುವೆ ಮನೆಯಲ್ಲಿ ಉಳಿದ ಇನ್ನೊಬ್ಬ ಹಿರಿಯರು ಮರೆತೇಹೋಗುತ್ತಾರೆ. ಅಜ್ಜಿ ಆಸ್ಪತ್ರೆಯಲ್ಲಿದ್ದ ಮೂರು ವಾರ ಅಜ್ಜ ಏನು ತಿಂದರು ಎಂದು ಯಾರೂ ನೋಡಿರುವುದಿಲ್ಲ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅವರಿಗೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಕಸುವು ಇಳಿದಿದೆ ಎಂದರ್ಥ. ಅದೇ ಎದ್ದು ಕೂರುವುದನ್ನು ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ ಮಾಡಿಸಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ, ರಾತ್ರಿಯ ಮಾತ್ರೆಗಳನ್ನು ವೈದ್ಯರಿಗೊಮ್ಮೆ ತೋರಿಸಿ. ಚಿರೇಕಲ್ಲಿನ ಮೆಟ್ಟಿಲಿನ ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಮೃಗಶಿರಾ ಮಳೆ ಹಿಡಿಯುವ ಮುನ್ನ ಬಾವಿಕಟ್ಟೆಗೂ ಕೊಟ್ಟಿಗೆಗೂ ಹೋಗುವ ದಾರಿಗೆ ಅಡಿಕೆ ಸೋಗೆ ಹಾಸಿ.